ಬಾಗೇಪಲ್ಲಿ ಪಕ್ಕದ ನಮ್ಮ 900 ಅಡಿ ಬೋರ್ ನೀರಲ್ಲಿ ಫ್ಲೋರೈಡ್ ಲೀಟರಿಗೆ 2.8 ಮಿ.ಗ್ರಾಂ. ಬಂದಿದೆ, ಕುದಿಸಿ ಕುಡಿದರೆ ಸಾಕಾ? ಐದು ವರ್ಷದ ಮಗುವಿನ ಬುದ್ಧಿಶಕ್ತಿಗೆ ತೊಂದರೆಯಾ?

ಸಾಲದು, ಇನ್ನೂ ಕೆಡುತ್ತದೆ. ಕುದಿಸಿದರೆ ಸಾಯುವುದು ರೋಗಾಣು. ಫ್ಲೋರೈಡ್ ಆವಿಯ ಜೊತೆ ಹೋಗುವುದಿಲ್ಲ. ಹತ್ತು ಲೀಟರ್ ಇಟ್ಟು ಎಂಟಕ್ಕೆ ಇಳಿಸಿದರೆ ನಿಮ್ಮ 2.8 ಮಿ.ಗ್ರಾಂ. ಅಲ್ಲಿ 3.5 ಆಗಿರುತ್ತದೆ. ಭಾರತೀಯ ಮಾನಕದ ಮಿತಿ ಲೀಟರಿಗೆ 1.0, ಬೇರೆ ಮೂಲವೇ ಇಲ್ಲದಿದ್ದರೆ 1.5.

ಬಾಗೇಪಲ್ಲಿ ಪಕ್ಕದ 900 ಅಡಿ ಬೋರ್ ಅಂದಿದ್ದೀರಿ, ಹಾಗಾಗಿ ಈ ಅಂಕಿ ಅಚ್ಚರಿಯದಲ್ಲ. ನಮ್ಮ ಕಡೆಯ ಗ್ರಾನೈಟ್, ನೈಸ್ ಬಂಡೆಯಲ್ಲಿರುವ ಅಭ್ರಕ, ಅಪಟೈಟ್ ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ಇಳಿಯುತ್ತದೆ. ನೀರಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಎರಡೂ ಸೇರಿ ತಳಕ್ಕೆ ಕೂರುತ್ತವೆ. ಇಲ್ಲದಿದ್ದರೆ ಕರಗಿಯೇ ಉಳಿಯುತ್ತದೆ. ವರದಿಯಲ್ಲಿ ಪಿಎಚ್ 8 ದಾಟಿ, ಕ್ಷಾರತೆ ಹೆಚ್ಚಿದ್ದು, ಕ್ಯಾಲ್ಸಿಯಂ ಕಡಿಮೆಯಿದ್ದರೆ 2.8 ನಂಬಬಹುದು. ಒಂದು ಎಚ್ಚರ: ಲ್ಯಾಬಿನಲ್ಲಿ ಫ್ಲೋರೈಡ್ ಅಳೆಯುವ ಸ್ಪ್ಯಾಡ್ನ್ಸ್ ಎಂಬ ಬಣ್ಣದ ವಿಧಾನ ಸುಮಾರು 1.4ರವರೆಗೆ ಮಾತ್ರ ನೆಟ್ಟಗೆ ಓದುತ್ತದೆ. ಅದಕ್ಕಿಂತ ಹೆಚ್ಚಿನ ನೀರನ್ನು ತೆಳುಮಾಡಿ ಅಳೆದು ಗುಣಿಸಬೇಕು. ಮಾಡಿದ್ದರಾ ಎಂದು ಲ್ಯಾಬಿನವರನ್ನು ಕೇಳಿ. ಮಾದರಿ ಕೊಡುವಾಗ ಗಾಜಿನದಲ್ಲ, ಪ್ಲಾಸ್ಟಿಕ್ ಬಾಟಲಿ.

ನಿಜವಾದ ಲೆಕ್ಕ ಲೀಟರಿನದಲ್ಲ, ದಿನಕ್ಕೆ ಬಾಯಿಗೆ ಹೋಗುವುದರದು. ಹೊಲದಲ್ಲಿ ದುಡಿಯುವವರು ಮೂರು ಲೀಟರ್ ಕುಡಿದು, ಮುದ್ದೆ, ಅನ್ನ, ಸಾರಿನಲ್ಲಿ ಇನ್ನೊಂದು ಲೀಟರ್ ತಿಂದರೆ 11.2 ಮಿ.ಗ್ರಾಂ. ಅಮೆರಿಕದಲ್ಲಿ 1997ರಲ್ಲಿ ಹಾಕಿದ ಮೇಲ್ಮಿತಿ ದೊಡ್ಡವರಿಗೆ ದಿನಕ್ಕೆ 10, ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ 2.2. ನಿಮ್ಮ ಐದು ವರ್ಷದ ಮಗು ಎಲ್ಲ ಸೇರಿ 1.2 ಲೀಟರ್ ತೆಗೆದುಕೊಂಡರೂ 3.4 ಆಯಿತು. ಹಲ್ಲಿನ ಎನಾಮಲ್ ಕಟ್ಟಿಕೊಳ್ಳುವ ವಯಸ್ಸೂ ಅದೇ. ಅಡುಗೆಗೆ ಬೋರ್ ನೀರು, ಕುಡಿಯಲು ಮಾತ್ರ ಕ್ಯಾನ್ ನೀರು ಅನ್ನುವ ಮನೆಗಳು ಎಡವುವುದು ಇಲ್ಲೇ.

ಬುದ್ಧಿಶಕ್ತಿಯ ಬಗ್ಗೆಯೂ ಕೇಳಿದ್ದೀರಿ. 2025ರ ಜನವರಿಯಲ್ಲಿ 74 ಅಧ್ಯಯನಗಳನ್ನು ಒಟ್ಟುಹಾಕಿದ ವಿಶ್ಲೇಷಣೆಯಲ್ಲಿ, ಒಂದೊಂದು ಮಗುವಿನ ಅಳತೆಯಿದ್ದ 13ರ ಪ್ರಕಾರ, ಮೂತ್ರದ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ. ಏರಿದರೆ ಮಕ್ಕಳ ಐಕ್ಯೂ ಸರಾಸರಿ 1.63 ಅಂಕ ಕಡಿಮೆ ಕಂಡಿದೆ. ಒಟ್ಟು 74ರಲ್ಲಿ 64 ಫ್ಲೋರೈಡನ್ನೂ ಐಕ್ಯೂವನ್ನೂ ಒಂದೇ ಹೊತ್ತಿನಲ್ಲಿ ಅಳೆದವು, 52ರಲ್ಲಿ ಫಲಿತಾಂಶ ಒಂದು ಕಡೆ ವಾಲಿರುವ ಅಪಾಯ ಹೆಚ್ಚು. ನಿಮ್ಮ ಮಗುವಿಗೆ ಇಷ್ಟೇ ಅಂಕ ಹೋಯಿತು ಎಂದು ಓದಬೇಡಿ. ಆದರೆ 1.5ರ ಮಿತಿಯ ಸುಮಾರು ಎರಡು ಪಟ್ಟು ಇರುವ ನೀರನ್ನು ಬಿಡಲು ನನಗಂತೂ ಇಷ್ಟು ಸಾಕು.

ಊರಿನ ಆರ್‌ಒ ಘಟಕ ಕೆಲಸ ಮಾಡುತ್ತದೆ, ಒಳಗಿನ ಸೋಸುವ ಪೊರೆ ಚೆನ್ನಾಗಿದ್ದರೆ. ಬರುವ ನೀರಿನ ಟಿಡಿಎಸ್ (ಕರಗಿರುವ ಒಟ್ಟು ಲವಣ) 900, ಹೊರಡುವುದು 80 ಇದ್ದರೆ ಫ್ಲೋರೈಡೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇಳಿದು 0.25ರ ಆಸುಪಾಸು ಬರುತ್ತದೆ. ರುಚಿಗೆಂದು ಕಚ್ಚಾ ನೀರು ಬೆರೆಸುವ ವಾಲ್ವ್ ಇದೆಯಾ ನೋಡಿ. ನೂರರಲ್ಲಿ 40 ಭಾಗ ಬೆರೆಸಿದರೆ ಮತ್ತೆ 1.27. ಟಿಡಿಎಸ್ ಮೀಟರ್ ಫ್ಲೋರೈಡನ್ನೇ ಅಳೆಯುವುದಿಲ್ಲ, ಹಾಗಾಗಿ ನಲ್ಲಿಯ ನೀರನ್ನು ಒಮ್ಮೆಯಾದರೂ ಪರೀಕ್ಷಿಸಿ. ಕ್ಯಾಂಡಲ್, ಯುವಿ ಫಿಲ್ಟರಿನಿಂದ ಏನೂ ಆಗದು. ಆಕ್ಟಿವೇಟೆಡ್ ಅಲ್ಯುಮಿನಾ ಚೆನ್ನಾಗಿ ಹಿಡಿಯುವುದು ಪಿಎಚ್ 5.5–6.5ರಲ್ಲಿ, ನಮ್ಮ ಕ್ಷಾರದ ನೀರಲ್ಲಿ ಮಾರುವವರು ಹೇಳಿದ್ದಕ್ಕಿಂತ ಬೇಗ ಸೋಲುತ್ತದೆ. ಕೊಡಕ್ಕೆ ಬರಿಯ ಪಟಿಕ ತಿರುಗಿಸುವುದು ಬೇಡ, ಅಲ್ಯೂಮಿನಿಯಂ ಉಳಿಯುತ್ತದೆ.

ನನ್ನನ್ನು ಕೇಳಿದರೆ ಮಳೆನೀರೇ ಸರಿ. ಐದು ಜನಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್, ವರ್ಷಕ್ಕೆ 9,125. ಮಳೆ 600 ಮಿ.ಮೀ. ಎಂದು ಹಿಡಿದರೂ 50 ಚದರ ಮೀಟರ್ ತಾರಸಿಯಿಂದ, ಐದರಲ್ಲೊಂದು ಪಾಲು ಪೋಲಾದರೂ, 24,000 ಲೀಟರ್ ಬರುತ್ತದೆ. ನವೆಂಬರಿನಿಂದ ಮೇವರೆಗೆ ದಾಟಿಸಲು 6,000 ಲೀಟರಿನ ಮುಚ್ಚಿದ ತೊಟ್ಟಿ ಸಾಕು. ಪ್ರತಿ ಮಳೆಯ ಮೊದಲ 100 ಲೀಟರ್ ಹೊರಗೆ ಬಿಡಿ. ಈ ನೀರನ್ನು ಮಾತ್ರ ಕುದಿಸಿಯೇ ಕುಡಿಯಿರಿ.

ಸ್ನಾನ, ಪಾತ್ರೆ, ಬಟ್ಟೆಗೆ ಬೋರ್ ನೀರೇ ಇರಲಿ.