ಹಿಂದಿ, ಉರ್ದು ಸಂಖ್ಯೆ ಕಿವಿಗೆ ಹತ್ತಬೇಕಾದರೆ ಬಾಲ ಹಿಡಿಯಿರಿ

ಹಿಂದಿಯಲ್ಲಿ ಇಪ್ಪತ್ತರವರೆಗೆ ಬರುತ್ತೆ, ಮುಂದೆ ಅಂಗಡಿಯವರು ಹೇಳುವ ರೇಟೇ ತಿಳಿಯಲ್ಲ, ಸೂತ್ರ ಏನಾದರೂ ಇದೆಯಾ, ಉರ್ದುವಿನದು ಬೇರೆಯಾ ಅಂತ ಕೇಳಿದ್ದೀರಿ.

ಎಂಬತ್ತಕ್ಕೆ ಐದು ಸೇರಿಸಿ ಎಂಬತ್ತೈದು ಅನ್ನುವಂಥ ಸಲೀಸು ಸೂತ್ರ ಇಲ್ಲ. ಮಾತಾಡಲು ನೂರರವರೆಗೆ ಬಾಯಿಪಾಠವೇ ಗತಿ. ಕೇಳಿ ತಿಳಿಯಲು ಮಾತ್ರ ಒಂದು ಉಪಾಯವಿದೆ: ಬಿಡಿ ಅಂಕಿ ಪದದ ತಲೆಯಲ್ಲಿರುತ್ತೆ, ಹತ್ತರ ಅಂಕಿ ಬಾಲದಲ್ಲಿ. ಬಾಲ ‘ತಾಲೀಸ್’ ಅಥವಾ ‘ಯಾಲೀಸ್’ ಆದರೆ ನಲವತ್ತು, ‘ವನ್’ ಅಥವಾ ‘ಪನ್’ ಆದರೆ ಐವತ್ತು, ‘ಸಠ್’ ಅರವತ್ತು, ‘ಹತ್ತರ್’ ಎಪ್ಪತ್ತು, ‘ಆಸೀ’ ಎಂಬತ್ತು, ‘ಆನ್ವೇ’ ತೊಂಬತ್ತು. ಪಚ್‌ಪನ್ 55, ಪೈಂಸಠ್ 65, ಪಚಾನ್ವೇ 95.

ಜನ ಹೆಚ್ಚಾಗಿ ಎಡವುವುದು ಪಚಾಸ್ (50), ಪಚಾಸೀ (85) ಜೋಡಿಯಲ್ಲಿ. ಕೊನೆಯ ‘ಈ’ ಗದ್ದಲದಲ್ಲಿ ಕೇಳಿಸದಿದ್ದರೆ ಮೂವತ್ತೈದು ರೂಪಾಯಿ ವ್ಯತ್ಯಾಸ. ಅನುಮಾನ ಬಂದರೆ ‘ಆಠ್ ಪಾಂಚ್?’ ಅಂತ ಬಿಡಿ ಅಂಕಿಗಳಲ್ಲೇ ಕೇಳಿಬಿಡಿ, ಯಾರೂ ತಪ್ಪು ತಿಳಿಯಲ್ಲ.

ಒಂಬತ್ತರಲ್ಲಿ ಮುಗಿಯುವ ಸಂಖ್ಯೆಗಳದು ಇನ್ನೊಂದು ತಕರಾರು. ‘ಉನ್’ ಅಂದರೆ ನಮ್ಮ ‘ಊನ’ವೇ, ಒಂದು ಕಮ್ಮಿ ಅಂತ. ತೀಸ್ ಅಂದರೆ ಮೂವತ್ತು, ಹಾಗಾಗಿ ಉನ್ತೀಸ್ 29, 39 ಅಲ್ಲ. ಉನ್ಸಠ್ 59, ಉನಾಸೀ 79. ಈ ಕ್ರಮ 89, 99ಕ್ಕೆ ಬಂದಾಗ ಮುರಿಯುತ್ತೆ: ನವಾಸೀ, ನಿನ್ಯಾನ್ವೇ. ಸಂಸ್ಕೃತದ ನವಾಶೀತಿ, ನವನವತಿ ನೆನಪಿದ್ದರೆ ಇದು ವಿಚಿತ್ರ ಅನ್ನಿಸಲ್ಲ.

ಭಿನ್ನರಾಶಿಗಳಲ್ಲಿ ನಮ್ಮವರು ಗಡಿಯಾರದ ಹತ್ತಿರವೇ ಸಿಕ್ಕಿಬೀಳುತ್ತಾರೆ. ‘ಪೌನೇ ದೋ’ ಅಂದರೆ ಎರಡೂಮುಕ್ಕಾಲು ಅಲ್ಲ, ಎರಡಕ್ಕೆ ಕಾಲು ಕಮ್ಮಿ, ಅಂದರೆ ಒಂದೂಮುಕ್ಕಾಲು. ಎರಡೂಮುಕ್ಕಾಲು ಅಂತ ಅರ್ಥಮಾಡಿಕೊಂಡರೆ ಒಂದು ಗಂಟೆ ತಡವಾಗಿ ಹೋಗುತ್ತೀರಿ. ಅರ್ಧ ಹೆಚ್ಚು ಅನ್ನುವ ‘ಸಾಢೇ’ ಮೂರರಿಂದ ಶುರು. ಒಂದೂವರೆಗೆ ಡೇಢ್, ಎರಡೂವರೆಗೆ ಢಾಈ ಅಂತ ಬೇರೆ ಪದಗಳೇ ಇವೆ. ‘ಸಾಢೇ ದೋ’ ಅಂದರೆ ನಗುತ್ತಾರೆ. ನೂರು, ಸಾವಿರ, ಲಕ್ಷಕ್ಕೂ ಇವೇ ಹತ್ತುತ್ತವೆ: ಸವಾ (ಕಾಲು ಹೆಚ್ಚು) ಸೌ 125, ಡೇಢ್ ಸೌ 150, ಪೌನೇ ದೋ ಸೌ 175, ಢಾಈ ಹಜಾರ್ 2,500. ದೀಡ, ಸವ್ವಾ ಅನ್ನುವ ಉತ್ತರ ಕರ್ನಾಟಕದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಉರ್ದುವಿನಲ್ಲಿ ಪದಗಳು ಬಹುಪಾಲು ಇವೇ. ಸೊನ್ನೆಗೆ ಹಿಂದಿಯಲ್ಲಿ ಶೂನ್ಯ, ಉರ್ದುವಿನಲ್ಲಿ ಸಿಫರ್. ಬೇರೆಯಾಗುವುದು ಬರವಣಿಗೆ. ಲಿಪಿ ಬಲದಿಂದ ಎಡಕ್ಕೆ ಓಡಿದರೂ ಸಂಖ್ಯೆಯನ್ನು ನಮ್ಮಂತೆ ಎಡದಿಂದಲೇ ಓದಬೇಕು. ಸೊನ್ನೆ ಬರೀ ಒಂದು ಚುಕ್ಕೆ. ಏಳು ಸುಮಾರಾಗಿ ಇಂಗ್ಲಿಷಿನ ‘ವಿ’ಯಂತೆ, ಎಂಟು ಅದನ್ನೇ ಬೋರಲು ಹಾಕಿದಂತೆ. ಹಿಂದಿ ಬರೆಯುವ ದೇವನಾಗರಿ ಲಿಪಿಯಲ್ಲಿ ‘ಒಂದು’ ಅಂಕಿಯನ್ನು (१) ನೋಡಿ ಇಂಗ್ಲಿಷಿನ 9 ಅಂದುಕೊಳ್ಳಬೇಡಿ. ಕೇಂದ್ರದ ಅಧಿಕೃತ ಬಳಕೆಗೆ ಸಂವಿಧಾನದ 343ನೇ ವಿಧಿ 1, 2, 3 ರೂಪವನ್ನೇ ಹೇಳಿರುವುದರಿಂದ ಕಚೇರಿ ಕಾಗದಗಳಲ್ಲಿ ಈ ತೊಂದರೆ ಕಡಿಮೆ. ಹಳೆಯ ಪುಸ್ತಕ, ಪಂಚಾಂಗಗಳಲ್ಲಿ ಎದುರಾಗುತ್ತೆ.