ಮಗನಿಗೆ ಆಟಿಸಂ, ಅಪ್ಪ ಫೀಲ್ಡ್‌ನಲ್ಲಿ: ಮೊದಲು ಯಾವ ಬಾಗಿಲು ತಟ್ಟಬೇಕು?

ಪ್ರಶ್ನೆ: ನನ್ನ ಗಂಡ ಸೇನೆಯಲ್ಲಿ ನಾಯಕ್. ಈಗ ಜಮ್ಮು ಕಡೆ ಫೀಲ್ಡ್‌ನಲ್ಲಿದ್ದಾರೆ, ಅಲ್ಲಿಗೆ ಕುಟುಂಬ ಕರೆದೊಯ್ಯುವಂತಿಲ್ಲ. ನಾನು ರೋಣ ತಾಲ್ಲೂಕಿನ ಹಳ್ಳಿಯಲ್ಲಿ ಅತ್ತೆ-ಮಾವನ ಜೊತೆ ಇದ್ದೇನೆ. ಐದು ವರ್ಷದ ಮಗ ಇನ್ನೂ ಮಾತಾಡುವುದಿಲ್ಲ. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಯಲ್ಲಿ ತೋರಿಸಿದಾಗ ಆಟಿಸಂ ಅಂದರು. ಅತ್ತೆ ನಂಬುತ್ತಿಲ್ಲ. ಯೂನಿಟ್‌ಗೆ ಗೊತ್ತಾದರೆ ಪ್ರಮೋಷನ್‌ಗೆ ತೊಂದರೆ ಎಂದು ಗಂಡನಿಗೆ ಭಯ. ಚಿಕಿತ್ಸೆಗೆ ಇಸಿಎಚ್‌ಎಸ್ ಕಾರ್ಡ್ ಮಾಡಿಸಬಹುದಾ? ಕಳೆದ ರಜೆಯಲ್ಲಿ ಮಗ ಅಪ್ಪನ ಹತ್ತಿರವೇ ಹೋಗಲಿಲ್ಲ.

ಉತ್ತರ: ತಂಗಿ, ನಿಮ್ಮ ಅತ್ತೆ ಏನಂದಿರಬಹುದು ಎಂದು ಊಹಿಸಬಲ್ಲೆ. "ಅವರಪ್ಪನೂ ನಾಲ್ಕ ವರ್ಷಕ್ಕ ಮಾತಾಡ್ಯಾನ, ಏನಾಗಂಗಿಲ್ಲ ಬಿಡು." ನಮ್ಮ ಕಡೆ ಈ ಮಾತು ಕೇಳದ ತಾಯಿ ಕಡಿಮೆ. ಅವರ ಜೊತೆ ವಾದಕ್ಕೆ ಹೋಗಬೇಡಿ. ಮುಂದಿನ ಸಲ ಡಿಮ್ಹಾನ್ಸ್‌ಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಡಾಕ್ಟರ್ ಬಾಯಿಂದಲೇ ಕೇಳಲಿ. ನಿಮ್ಮಿಬ್ಬರಿಗೂ ಶಕ್ತಿ ಯೋಜನೆಯಲ್ಲಿ ಬಸ್ ಚಾರ್ಜೂ ಇಲ್ಲ.

ನಿಮ್ಮ ಗಂಡನ ಭಯದ ಬಗ್ಗೆ ಮಾತ್ರ ಗಟ್ಟಿಯಾಗಿಯೇ ಹೇಳುತ್ತೇನೆ. ಮಗನ ಆಟಿಸಂ ಅಪ್ಪನ ಮೆಡಿಕಲ್ ಕ್ಯಾಟಗರಿ (ಸೈನಿಕನ ಸ್ವಂತ ಆರೋಗ್ಯದ ದರ್ಜೆ) ಅಲ್ಲ. ಮುಚ್ಚಿಟ್ಟರೆ ಲಾಭವೇನೂ ಇಲ್ಲ, ಕೈಗೆ ಬರಬೇಕಾದದ್ದು ತಪ್ಪುತ್ತದೆ ಅಷ್ಟೇ. ಸೇನೆಗೆ ಕಾಗದದಲ್ಲಿ ಇರುವುದಷ್ಟೇ ಗೊತ್ತು. ಹಾಗಾಗಿ ಮೊದಲು ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೇಳಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಎಂದು ಬರೆದಿರಬೇಕು. ಚಿಕ್ಕ ಮಕ್ಕಳಿಗೆ ತಾತ್ಕಾಲಿಕ ಪ್ರಮಾಣಪತ್ರ ಕೊಡುವುದುಂಟು, ಅದರ ಕೊನೆಯ ತಾರೀಕು ನೆನಪಿಟ್ಟುಕೊಳ್ಳಿ. ಅರ್ಜಿ ಹಾಕುವುದು ತಿಳಿಯದಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಅವರನ್ನು ಕೇಳಿ. ಅವರ ಕೆಲಸವೇ ಅದು.

ಪ್ರಮಾಣಪತ್ರ ಕೈಗೆ ಬಂದ ಮೇಲೆ ಪ್ರತಿಯನ್ನು ಗಂಡನಿಗೆ ಕಳಿಸಿ. ಅವರು ಯೂನಿಟ್ ಕ್ಲರ್ಕ್ ಹತ್ತಿರ ಹೋಗಿ ಅದನ್ನು ತಮ್ಮ ಸರ್ವಿಸ್ ದಾಖಲೆಗೆ ಸೇರಿಸಲಿ. ಇದರಿಂದ ಏನು ಸಿಗುತ್ತದೆ ಅಂದರೆ, ಒಂದು, ಮಗ ಮಾನ್ಯತೆ ಇರುವ ಶಾಲೆಗೆ ಸೇರಿದ ಮೇಲೆ ಮಕ್ಕಳ ಶಿಕ್ಷಣ ಭತ್ಯೆ ಮಾಮೂಲಿಗಿಂತ ಎರಡರಷ್ಟು ಬರುತ್ತದೆ, ಅದೂ 22 ವರ್ಷದವರೆಗೆ. ಇನ್ನೊಂದು, ಮುಂದಿನ ಪೋಸ್ಟಿಂಗ್ ಕೇಳುವಾಗ ವಿಶೇಷ ಶಾಲೆ ಮತ್ತು ಥೆರಪಿ ಇರುವ, ಕುಟುಂಬ ಜೊತೆಗಿರಬಹುದಾದ ಪೀಸ್ ಸ್ಟೇಷನ್ ಬೇಕು ಎನ್ನಲು ಆಧಾರ ಸಿಗುತ್ತದೆ. ದೊಡ್ಡ ಕಂಟೋನ್ಮೆಂಟ್‌ಗಳಲ್ಲಿ ಸೇನಾ ಪತ್ನಿಯರ ಸಂಘ 'ಆವಾ' ನಡೆಸುವ ಆಶಾ ಶಾಲೆಗಳಿವೆ, ಬೆಂಗಳೂರಿನಲ್ಲೂ ಇದೆ. ಕೇಳಿದ ತಕ್ಷಣ ಪೋಸ್ಟಿಂಗ್ ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳಲಾರೆ. ಅಲ್ಲಿಯವರೆಗೆ ಫೀಲ್ಡ್‌ನಲ್ಲಿರುವವರ ಕುಟುಂಬಕ್ಕೆ ಕೊಡುವ ಕ್ವಾರ್ಟರ್ಸ್‌ಗೂ ಅರ್ಜಿ ಹಾಕಿಡಿ. ಸರದಿ ಉದ್ದ ಇರುತ್ತದೆ, ಆದ್ದರಿಂದಲೇ ಬೇಗ ಹಾಕಿ.

ಇಸಿಎಚ್‌ಎಸ್ ಈಗ ನಿಮಗಲ್ಲ, ಅದು ನಿವೃತ್ತ ಸೈನಿಕರ ಆರೋಗ್ಯ ಯೋಜನೆ. ಸರ್ವಿಸ್‌ನಲ್ಲಿ ಇರುವಷ್ಟು ದಿನ ಮಿಲಿಟರಿ ಆಸ್ಪತ್ರೆ. ನಿಮಗೆ ಹತ್ತಿರದ್ದು ಬೆಳಗಾವಿ.

ಇನ್ನು ಅಪ್ಪ-ಮಗ. ಇದನ್ನು ಓದಿ ನನಗೆ ಧಾರವಾಡದ ಒಬ್ಬ ಹುಡುಗ ನೆನಪಾದ. ಅಪ್ಪ ಎಂಟು ತಿಂಗಳ ಮೇಲೆ ಬಂದರೂ ಮುಖ ನೋಡಲಿಲ್ಲ. ಆದರೆ ಅಪ್ಪನ ಕರಿ ಟ್ರಂಕ್ ಮುಂದೆ ಕೂತು, ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರಿನ ಮೇಲೆ ಅರ್ಧ ಗಂಟೆ ಬೆರಳಾಡಿಸಿದ. ಮರುದಿನ ಅಪ್ಪನೂ ಪಕ್ಕದಲ್ಲಿ ಸುಮ್ನೆ ಕೂತು ಅದೇ ಅಂಕಿಗಳ ಮೇಲೆ ಬೆರಳಾಡಿಸಿದರು. ಮೂರನೇ ದಿನ ಹುಡುಗ ಅಪ್ಪನ ಬೆರಳು ಹಿಡಿದು ತಾನೇ ಅಂಕಿಯ ಮೇಲೆ ಇಟ್ಟ. ಫೌಜಿಗಳಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಿಎಲ್. ಒಮ್ಮೆಲೇ ಎಲ್ಲ ತೆಗೆದುಕೊಳ್ಳುವುದಕ್ಕಿಂತ, ಸಾಧ್ಯವಾದರೆ, ಎರಡು-ಮೂರು ಸಲ ಬರುವುದು ಇಂಥ ಮಕ್ಕಳಿಗೆ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಬರುವ ಹತ್ತು ದಿನ ಮೊದಲೇ ಕ್ಯಾಲೆಂಡರ್‌ನಲ್ಲಿ ಅಪ್ಪನ ಫೋಟೊ ಅಂಟಿಸಿ, ದಿನಕ್ಕೊಂದು ಚೌಕ ಮಗನ ಕೈಯಿಂದಲೇ ಹೊಡೆಸಿ. ಬಂದ ದಿನ ಬಂಧು-ಬಳಗದ ಜಾತ್ರೆ ಬೇಡ. ಹೊರಡುವ ದಿನವನ್ನೂ ಅದೇ ಕ್ಯಾಲೆಂಡರ್‌ನಲ್ಲಿ ತೋರಿಸಿ. ಮಗ ಮಲಗಿದ್ದಾಗ ಕಣ್ತಪ್ಪಿಸಿ ಹೋಗುವ ಅಪ್ಪಂದಿರಿದ್ದಾರೆ. ಆಮೇಲೆ ವಾರಗಟ್ಟಲೆ ಬಾಗಿಲ ಹತ್ತಿರ ನಿಲ್ಲುವುದು ಆ ಮಗು.

ಪ್ರಶ್ನೆ: ನಾನು ನಿವೃತ್ತ ಹವಾಲ್ದಾರ್, ಹಾವೇರಿ. ಮಗಳಿಗೆ 23 ವರ್ಷ, ಬುದ್ಧಿ ಬೆಳವಣಿಗೆ ಕಡಿಮೆ. ನಾವಿಬ್ಬರೂ ಹೋದ ಮೇಲೆ ಪಿಂಚಣಿ ಅವಳಿಗೆ ಬರುತ್ತದಾ?

ಉತ್ತರ: ಬರುತ್ತದೆ ಸರ್. ಮಕ್ಕಳ ಕುಟುಂಬ ಪಿಂಚಣಿಗೆ ಇರುವ 25 ವರ್ಷದ ಮಿತಿ, ದುಡಿದು ತಿನ್ನಲಾಗದ ಅಂಗವಿಕಲ ಮಕ್ಕಳಿಗೆ ಅನ್ವಯಿಸುವುದಿಲ್ಲ. ಅವರಿಗೆ ಜೀವನಪೂರ್ತಿ ಇದೆ. ಆದರೆ ನೀವಿರುವಾಗಲೇ ಕೆಲಸ ಮುಗಿಸಿ. ಸ್ಪರ್ಶ್ ಪಿಂಚಣಿ ಪೋರ್ಟಲ್‌ನಲ್ಲಿ ನಿಮ್ಮ ಪಿಪಿಒ (ಪಿಂಚಣಿ ಆದೇಶ) ತೆಗೆದು ನೋಡಿ, ಮಗಳ ಹೆಸರು ಇದೆಯಾ ಎಂದು. ಹೆಸರು ಆಧಾರ್‌ನಲ್ಲಿ ಹನುಮವ್ವ, ಸೇನೆಯಲ್ಲಿ ಹನಮವ್ವ ಎಂದಿದ್ದರೂ ಮುಂದೆ ಅಲೆದಾಟ. ಹೆಸರೇ ಇಲ್ಲದಿದ್ದರೆ ವೈದ್ಯಕೀಯ ಪ್ರಮಾಣಪತ್ರದ ಜೊತೆ ರೆಕಾರ್ಡ್ ಆಫೀಸ್‌ಗೆ ಬರೆದು ಸೇರಿಸಿ. ಧಾರವಾಡದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ಅರ್ಜಿ ಬರೆಯಲು ಸಹಾಯ ಕೇಳಿ.

ಅವಳ ಪರವಾಗಿ ಹಣ ಪಡೆಯಲು ಪೋಷಕರೊಬ್ಬರು ಬೇಕು. 18 ದಾಟಿದ್ದರಿಂದ, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಕಾನೂನುಬದ್ಧ ಪೋಷಕರನ್ನು ನೇಮಿಸಿಕೊಳ್ಳಬೇಕು. ಈಗ ನೀವೇ ಆಗಿ. ನಿಮ್ಮ ನಂತರ ಮಗನೋ, ತಂಗಿಯೋ ಎಂದು ಮನೆಯಲ್ಲಿ ಕೂತು ಮಾತಾಡಿ. ಸೊಸೆಯನ್ನೂ ಆ ಮಾತಿಗೆ ಕೂರಿಸಿ. ದಿನಾ ಅನ್ನ ಬಡಿಸುವವಳು ಅವಳೇ ಅಲ್ವಾ?