ಎಲ್ಲದಕ್ಕೂ ‘ಪುಟ್’ ಹಾಕಬೇಡಿ

ನಮಸ್ಕಾರ.

ನಿಮ್ಮ ಮನೆಯ ಆಲೆಮನೆ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪ್ರಬಂಧವನ್ನು ಮಂಡ್ಯದಿಂದ ಮೈಸೂರಿಗೆ ಬರುವ ರೈಲಿನಲ್ಲೇ ಓದಿ ಮುಗಿಸಿದೆ. ಅಷ್ಟು ಓದಿಸಿಕೊಂಡಿತು. ಆದರೆ ನಮ್ಮ ಪತ್ರಿಕೆಯಲ್ಲಿ ಇದ್ದ ಹಾಗೇ ಹಾಕಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ‘ಪುಟ್’. 4 ಪುಟದಲ್ಲಿ 11 ಸಲ ಬಂದಿದೆ. ಒಲೆಗೆ ಕಬ್ಬಿನ ಸಿಪ್ಪೆ ‘ಪುಟ್’, ಕೊಪ್ಪರಿಗೆಗೆ ಸುಣ್ಣದ ನೀರು ‘ಪುಟ್’, ಅಚ್ಚಿಗೆ ಪಾಕ ‘ಪುಟ್’, ರಾತ್ರಿ ಬಾಗಿಲಿಗೆ ಬೀಗವೂ ‘ಪುಟ್’. ಯಾಕೆ ಅಂತ ಗೊತ್ತು. ನಮ್ಮ ‘ಹಾಕು’ ಅಷ್ಟು ದುಡಿಯುತ್ತದೆ. ಸಹಿ, ರಂಗೋಲಿ, ಫ್ಯಾನು, ಅಂಗಿ, ಗೊಬ್ಬರ, ಎಲ್ಲ ಹಾಕುತ್ತೇವೆ. ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಬೇರೆ ಕ್ರಿಯಾಪದ: ಬೆಂಕಿಗೆ ‘ಫೀಡ್’, ಸುಣ್ಣಕ್ಕೆ ‘ಆ್ಯಡ್’, ಪಾಕಕ್ಕೆ ‘ಪೋರ್’, ಬಾಗಿಲಿಗೆ ಸುಮ್ನೆ ‘ಲಾಕ್’. ‘ಪುಟ್ಟೆಡ್’ ಅಂತೂ ಬೇಡವೇ ಬೇಡ. ನಿನ್ನೆ ಹಾಕಿದ್ದಕ್ಕೂ ‘ಪುಟ್’ ಅಂತಲೇ ಹೇಳುವುದು.

‘ಡಿಡ್ ನಾಟ್ ವೆಂಟ್’ ಎರಡು ಕಡೆ ಇದೆ. ನಾವು ‘ಹೋದಲಿಲ್ಲ’ ಅನ್ನುತ್ತೇವಾ? ‘ಹೋಗಲಿಲ್ಲ’ ಅಲ್ವಾ? ಅಲ್ಲೂ ಅಷ್ಟೇ, ‘ಡಿಡ್ ನಾಟ್ ಗೋ’.

ಇನ್ನು ಅಪಾಸ್ಟ್ರಫಿ, ಅಂದರೆ ಅಕ್ಷರದ ಮೇಲ್ತುದಿಯ ಪಕ್ಕ ಹಾಕುವ ಪುಟ್ಟ ಚಿಹ್ನೆ (’). ಎಸ್ ಕಂಡಲ್ಲೆಲ್ಲ ಸಾಸಿವೆ ಎರಚಿದ ಹಾಗೆ ಎರಚಿದ್ದೀರಿ. ಕನ್ನಡದಲ್ಲಿ ಹೇಳಿ ನೋಡಿ: ರೈತರು, ರೈತನ, ರೈತರ. ಕಿವಿಗೇ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಮೂರಕ್ಕೂ ‘ಫಾರ್ಮರ್ಸ್’ ಅನ್ನುವ ಒಂದೇ ಸದ್ದು. ಗುರುತಿಸುವುದು ಕಣ್ಣೇ. ರೈತರು ಅಂದರೆ ಚಿಹ್ನೆ ಬೇಡ. ರೈತನ ಅಂದರೆ ಎಸ್‌ಗೆ ಮುಂಚೆ, ರೈತರ ಅಂದರೆ ಎಸ್ ಆದ ಮೇಲೆ. ಬರೆಯುವಾಗ ಅನುಮಾನ ಬಂದರೆ ಮನಸ್ಸಿನಲ್ಲೇ ಕನ್ನಡ ಮಾಡಿಕೊಳ್ಳಿ, ನಾನೂ ಹಾಗೇ ಮಾಡುತ್ತೇನೆ.

‘ಇಟ್ಸ್’ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ‘ಬೆಲ್ಲ ಮತ್ತು ಅದರ ಬಣ್ಣ’ ಅನ್ನುವಾಗಿನ ‘ಅದರ’ಕ್ಕೆ ಚಿಹ್ನೆ ಇಲ್ಲ. ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಕುಗ್ಗಿದಾಗ ಮಾತ್ರ ಚಿಹ್ನೆ. ಇಲ್ಲಿ ತಪ್ಪಿದ್ದಕ್ಕೆ ನಾಚಿಕೆ ಬೇಡ. 17ನೇ ಶತಮಾನದಲ್ಲಿ ಇಂಗ್ಲಿಷರೇ ‘ಅದರ’ ಅನ್ನುವುದಕ್ಕೂ ಚಿಹ್ನೆ ಹಾಕಿ ಬರೆಯುತ್ತಿದ್ದರು.

ನಿಮ್ಮ ತಂದೆ ಕುದಿಯುವ ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ಹದ ನೋಡುವ ಭಾಗಕ್ಕೆ ನಾನು ಪೆನ್ನು ಮುಟ್ಟಿಸಿಲ್ಲ. ಅಲ್ಲಿ ಒಂದೂ ‘ಪುಟ್’ ಇಲ್ಲ, ನೋಡಿ. ಆದರೆ ಸುಣ್ಣದ ನೀರು ಎಷ್ಟು ಸಾಕು ಅಂತ ಅವರಿಗೆ ಹೇಗೆ ತಿಳಿಯುತ್ತದೆ? ನೀವು ಬರೆದೇ ಇಲ್ಲ. ಕೇಳಿಕೊಂಡು, ಸೇರಿಸಿ ಕಳಿಸಿ.